ಗ್ಯಾಸ್ಟ್ರಿಕ್ ಬ್ಯಾಂಡ್ ಇರುವವರಿಗೆ: ಬಿಗಿ ಮಾಡಿಸುವ ಮೊದಲು ತುತ್ತು ಸರಿಮಾಡಿಕೊಳ್ಳಿ

ಗ್ಯಾಸ್ಟ್ರಿಕ್ ಬ್ಯಾಂಡ್ ಅಂದರೆ ತೂಕ ಇಳಿಸಲು ಆಪರೇಷನ್ ಮಾಡಿ ಜಠರದ ಮೇಲ್ಭಾಗಕ್ಕೆ ಹಾಕುವ ಉಂಗುರ. ನಾನು ಅದನ್ನು ಹಾಕಿಸಿಕೊಂಡು ಆರು ವರ್ಷ ಆಯಿತು. ಉಡುಪಿ, ಮಂಗಳೂರು ಕಡೆಯ ಬ್ಯಾಂಡಿನವರು ಫೋನ್ ಮಾಡಿದರೆ ಕೇಳುವುದು ಹೆಚ್ಚುಕಮ್ಮಿ ಎರಡೇ ಪ್ರಶ್ನೆ. "ತಿಂದದ್ದು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಂತ ಮಾಡುವುದು?" ಇನ್ನೊಂದು, "ತೂಕ ಇಳಿಯುವುದೇ ಇಲ್ಲ, ಇನ್ನೂ ಸ್ವಲ್ಪ ಬಿಗಿ ಮಾಡಿಸಲಾ?" ತಮಾಷೆ ಅಂದರೆ ಎರಡನ್ನೂ ಕೇಳುವವರು ಒಬ್ಬರೇ. ಬೇಗ ತಿನ್ನುತ್ತಾರೆ, ಸಿಕ್ಕಿಕೊಳ್ಳುತ್ತದೆ. ಹೆದರಿ ಗಂಜಿ, ಪಾಯಸ, ಐಸ್‌ಕ್ರೀಮಿಗೆ ಇಳಿಯುತ್ತಾರೆ. ತೂಕ ನಿಲ್ಲುತ್ತದೆ. ಮತ್ತೆ ಬಿಗಿ ಮಾಡಿಸುತ್ತಾರೆ. ಈಗ ಮೀನೂ ಇಳಿಯುವುದಿಲ್ಲ, ಐಸ್‌ಕ್ರೀಮ್ ಮಾತ್ರ ಇಳಿಯುತ್ತದೆ.

ಈ ಸುತ್ತಿನಿಂದ ಹೊರಗೆ ಬರಬೇಕಾದರೆ ಕೆಲಸಗಳನ್ನು ಒಂದು ಕ್ರಮದಲ್ಲಿ ಮಾಡಬೇಕು. ಆ ಕ್ರಮವನ್ನೇ ಕೆಳಗೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ. ಈಗ ನಮ್ಮ ಕಡೆ ಹೆಚ್ಚಿನವರು ಮಾಡಿಸುವುದು ತೂಕ ಇಳಿಸುವ ಬೇರೆ ಆಪರೇಷನ್‌ಗಳಾದ ಸ್ಲೀವ್ ಅಥವಾ ಬೈಪಾಸ್. ಅವರಿಗೆ ಈ ಬರಹ ಹೊಂದುವುದಿಲ್ಲ, ಅವರ ಲೆಕ್ಕವೇ ಬೇರೆ.

ಮೊದಲು ಇಷ್ಟು ಗೊತ್ತಿರಲಿ

ಅನ್ನನಾಳ ಜಠರಕ್ಕೆ ಸೇರುವ ಜಾಗದ ಸ್ವಲ್ಪ ಕೆಳಗೆ ಒಂದು ಸಿಲಿಕೋನ್ ಉಂಗುರ ಕೂತಿರುತ್ತದೆ. ಉಂಗುರದ ಮೇಲೆ ಉಳಿಯುವುದು ಪುಟ್ಟ ಚೀಲ, 15ರಿಂದ 30 ಮಿಲಿ ಹಿಡಿಯುವಷ್ಟು. ಅಂದರೆ ಒಂದೆರಡು ದೊಡ್ಡ ಚಮಚ. ಉಂಗುರದಿಂದ ಒಂದು ಸಣ್ಣ ಕೊಳವೆ ಹೊರಟು ಚರ್ಮದ ಕೆಳಗಿರುವ ಪೋರ್ಟಿಗೆ ಸೇರುತ್ತದೆ. ಪೋರ್ಟ್ ಅಂದರೆ ಸೂಜಿ ಚುಚ್ಚಲು ಇಟ್ಟ ಪುಟ್ಟ ಡಬ್ಬಿ. ಅದಕ್ಕೆ ಸೂಜಿ ಚುಚ್ಚಿ ಸಲೈನ್ ಹಾಕಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲಾಗುತ್ತದೆ. ಹೀಗೆ ಸಲೈನ್ ಹಾಕಿಸುವುದಕ್ಕೆ ಫಿಲ್ ಅನ್ನುತ್ತಾರೆ.

ಚೆನ್ನಾಗಿ ಅಗಿದ ಗಟ್ಟಿ ಆಹಾರ ಈ ಉಂಗುರವನ್ನು ನಿಧಾನಕ್ಕೆ ದಾಟುತ್ತದೆ. ಹೊಟ್ಟೆ ತುಂಬಿದ ಹಾಗೆ ಅನಿಸುವುದು ಅದಕ್ಕೇ. ನೀರಾದ ಆಹಾರ ಅಲ್ಲಿ ನಿಲ್ಲುವುದೇ ಇಲ್ಲ, ಸೀದಾ ಇಳಿದುಹೋಗುತ್ತದೆ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಬೇಕಾಗುವ ಸಾಮಾನು

ತಿಂಡಿ ತಟ್ಟೆಯ ಅಳತೆಯ ಒಂದು ಸಣ್ಣ ತಟ್ಟೆ. ಮಕ್ಕಳಿಗೆ ತಿನ್ನಿಸುವ ಚಮಚ. ಮಿಕ್ಸಿ, ಒಂದು ಜರಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ. ಫೋನಿನಲ್ಲಿರುವ ಟೈಮರ್. ಅರ್ಧ ಲೀಟರಿನ ನೀರಿನ ಬಾಟಲಿ. ಒಂದು ನೋಟ್‌ಬುಕ್. ಇವುಗಳಲ್ಲಿ ಜನ ಬಿಟ್ಟುಬಿಡುವುದು ನೋಟ್‌ಬುಕ್ಕನ್ನು. ಆಮೇಲೆ ಫಿಲ್ ಮಾಡಿಸುವಾಗ ಬೇಕಾಗುವುದೂ ಅದೇ.

ಹಂತ 1: ಮೊದಲ ಆರು ವಾರ, ಗಾಯ ಮಾಯಲು ಬಿಡಿ

ಒಂದೊಂದು ಆಸ್ಪತ್ರೆಯಲ್ಲಿ ಲೆಕ್ಕ ಸ್ವಲ್ಪ ಹಿಂದೆಮುಂದೆ ಇರಬಹುದು. ಸಾಮಾನ್ಯವಾಗಿ ಮೊದಲ ಎರಡು ವಾರ ಬರೀ ನೀರಾದ ಆಹಾರ. ಸೋಸಿದ ತಿಳಿಸಾರು, ಬೇಳೆಕಟ್ಟು, ನೀರುಮಜ್ಜಿಗೆ, ಬೊಂಡದ ನೀರು (ಎಳನೀರು), ಜರಡಿ ಹಿಡಿದ ಗಂಜಿತಿಳಿ, ಡಾಕ್ಟರ್ ಹೇಳಿದ ಪ್ರೋಟೀನ್ ಪುಡಿ. ಮೂರು, ನಾಲ್ಕನೇ ವಾರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು. ಐದು, ಆರನೇ ವಾರ ಮೆತ್ತಗಿನದ್ದು: ಮೊಟ್ಟೆ, ಮುಳ್ಳು ತೆಗೆದ ಮೀನು, ಚೆನ್ನಾಗಿ ಬೆಂದ ಹೆಸರುಬೇಳೆ ತೊವ್ವೆ. ಆಮೇಲೆ ಗಟ್ಟಿ ಊಟ.

ಇಲ್ಲಿ ಮಾಡುವ ತಪ್ಪು ಆತುರ. ಮೂರನೇ ವಾರಕ್ಕೆ ನೋವು ಇರುವುದಿಲ್ಲ, ಹಸಿವು ವಾಪಸು ಬಂದಿರುತ್ತದೆ, "ಒಂದು ಇಡ್ಲಿಯಿಂದ ಎಂತ ಆಗುತ್ತದೆ" ಅನಿಸುತ್ತದೆ. ಉಂಗುರ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರಬೇಕಾದ ಸಮಯ ಇದು. ಈಗ ವಾಂತಿ ಆದರೆ ಉಂಗುರ ಜಾರುವ ಭಯ ಇದೆ. ಇಡ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ಸಮಯದಲ್ಲಿ ಹಸಿವಾಗುವುದು ಸಹಜ. ಬ್ಯಾಂಡಿಗೆ ಇನ್ನೂ ಸಲೈನ್ ತುಂಬಿರುವುದಿಲ್ಲ ಅಥವಾ ಬಹಳ ಕಮ್ಮಿ ಇರುತ್ತದೆ. ಆಪರೇಷನ್ ಕೆಟ್ಟಿತು ಅಂತ ಗಾಬರಿಯಾಗಬೇಡಿ.

ಹಂತ 2: ತುತ್ತು ಕಲಿಯುವುದು

ಇದಕ್ಕೆ ಎರಡು ವಾರ ಕೊಡಿ. ಮನೆಯವರಿಗೆ ಮೊದಲೇ ಹೇಳಿಬಿಡಿ: "ನಾನು ಊಟ ಮಾಡುವಾಗ ಮಾತಾಡಿಸಬೇಡಿ."

ಟೈಮರ್ 20 ನಿಮಿಷಕ್ಕೆ ಇಡಿ. ತುತ್ತು ನೆಲಗಡಲೆ ಕಾಳಿನಷ್ಟು ಇರಲಿ. ಬಾಯಿಗೆ ಹಾಕಿ, ಚಮಚವನ್ನು ತಟ್ಟೆಯಲ್ಲಿ ಇಡಿ. ಕೈಯಲ್ಲಿ ಹಿಡಿದುಕೊಂಡಿದ್ದರೆ ಅದು ತನ್ನಷ್ಟಕ್ಕೆ ಮುಂದಿನ ತುತ್ತು ತುಂಬಿಕೊಳ್ಳುತ್ತದೆ. 20ರಿಂದ 25 ಸಲ ಅಗಿಯಿರಿ. ನಾಲಿಗೆಗೆ ಒಂದು ಚೂರೂ ತಾಗಬಾರದು, ಎಲ್ಲ ಚಟ್ನಿಯ ಹಾಗೆ ಆಗಬೇಕು. ನುಂಗಿ. ಅರ್ಧ ನಿಮಿಷ, ಒಂದು ನಿಮಿಷ ಸುಮ್ನೆ ಕೂತುಕೊಳ್ಳಿ. ಆಮೇಲೆ ಮುಂದಿನದು. ಕೈಯಲ್ಲಿ ಉಣ್ಣುವ ನಮಗೆ ಚಮಚ ಸ್ವಲ್ಪ ಬೇಜಾರೇ, ಆದರೆ ಕೈ ತುತ್ತು ಯಾವಾಗಲೂ ದೊಡ್ಡದಾಗುತ್ತದೆ. ಮೊದಲ ಆರು ತಿಂಗಳು ಚಮಚವೇ ಇರಲಿ.

ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಮೀನಿನಲ್ಲಿ 18–20 ಗ್ರಾಂ ಸಿಗುತ್ತದೆ. ಅನ್ನದಿಂದ ಶುರುಮಾಡಿದರೆ ಅಷ್ಟು ಪ್ರೋಟೀನ್ ಒಳಗೆ ಹೋಗುವುದೇ ಇಲ್ಲ.

ಎಲ್ಲಿ ನಿಲ್ಲಿಸಬೇಕು ಎನ್ನುವುದು ಕಷ್ಟದ ಪಾಠ. ಬ್ಯಾಂಡ್ ಇರುವವರಿಗೆ ಹಳೆಯ ಹಾಗೆ ಹೊಟ್ಟೆ ಬಿರಿಯುವ ಅನುಭವ ಆಗುವುದಿಲ್ಲ. ಅದಕ್ಕಿಂತ ಮುಂಚೆ ಸಣ್ಣ ಸೂಚನೆ ಬರುತ್ತದೆ. ಒಂದು ಬಿಕ್ಕಳಿಕೆ, ಒಂದು ಸೀನು, ಮೂಗು ಸೋರುವುದು, ಎದೆಮೂಳೆಯ ಹಿಂದೆ ಸ್ವಲ್ಪ ಒತ್ತಡ, ಕೆಲವರಿಗೆ ಎಡಭುಜದಲ್ಲಿ ಸಣ್ಣ ನೋವು. ನನಗೆ ಬರುವುದು ಉದ್ದ ನಿಟ್ಟುಸಿರು. ಅದು ಬಂದ ಕೂಡಲೇ ತಟ್ಟೆ ಪಕ್ಕಕ್ಕೆ. ಉಳಿದ ಎರಡು ತುತ್ತಿನ ಮೇಲಿನ ಮರುಕವೇ ಅರ್ಧ ಜನರನ್ನು ಬಚ್ಚಲಿಗೆ ಓಡಿಸುವುದು.

ನೀರಿನ ವಿಷಯ ಚಿಕ್ಕದು, ಆದರೆ ಎಲ್ಲರೂ ತಪ್ಪುತ್ತಾರೆ. ಊಟದ ಜೊತೆ ನೀರಿಲ್ಲ. ಊಟದ ನಂತರ ಅರ್ಧ ಗಂಟೆಯಾದರೂ ಇಲ್ಲ. ಕುಡಿದರೆ ಚೀಲದಲ್ಲಿದ್ದ ಊಟ ತೊಳೆದುಹೋಗಿ ಬೇಗ ಹಸಿವಾಗುತ್ತದೆ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಾದರೂ ಆಗಲಿ, ನಮ್ಮ ಸೆಕೆಗೆ ಎರಡು ಆದರೂ ಜಾಸ್ತಿಯಲ್ಲ. ಸೋಡಾ ಬೇಡ. ಪುನರ್ಪುಳಿ ಶರಬತ್ತು ಕುಡಿಯುವುದಾದರೆ ನೀರಲ್ಲಿ, ಸಕ್ಕರೆ ಹಾಕದೆ.

ಹಂತ 3: ನಮ್ಮ ಊರಿನ ಊಟ, ಯಾವುದು ಹೋಗುತ್ತದೆ, ಯಾವುದು ಕೈಕೊಡುತ್ತದೆ

ಡಯಟಿಷಿಯನ್ ಕೊಡುವ ಪಟ್ಟಿಯಲ್ಲಿ ಬ್ರೆಡ್, ಸ್ಟೀಕ್ ಅಂತ ಇರುತ್ತದೆ. ನಮ್ಮ ಅಡುಗೆಮನೆಗೆ ಅದನ್ನು ಹೊಂದಿಸಿಕೊಳ್ಳಬೇಕು.

ಮೀನು ನಮ್ಮ ಪುಣ್ಯ. ಕಾಣೆ, ಬಂಗುಡೆ, ಬೂತಾಯಿ ಎಲ್ಲ ಮೆತ್ತಗೆ ಬೇಯುತ್ತವೆ, ಪ್ರೋಟೀನೂ ಉಂಟು. ಮುಳ್ಳನ್ನು ಬೆರಳಲ್ಲೇ ಬಿಡಿಸಿ, ಬಾಯಲ್ಲಿ ಹುಡುಕುವ ಅಭ್ಯಾಸ ಬಿಡಿ. ತವಾ ಫ್ರೈ ಮಾಡಿ ಒಣಗಿದ ಮೀನಿಗಿಂತ ಸಾರಿನ ಮೀನು ಸಲೀಸು. ಸಿಗಡಿ ರಬ್ಬರಿನ ಹಾಗೆ, ಮೊದಲ ತಿಂಗಳುಗಳಲ್ಲಿ ಮುಟ್ಟಬೇಡಿ. ಕೋಳಿಯ ಎದೆಯ ತುಂಡು ನಾರುನಾರು, ತೊಡೆಯದ್ದು ಪರವಾಗಿಲ್ಲ. ನಿನ್ನೆಯ ಕೋಳಿಯನ್ನು ಇವತ್ತು ಬಿಸಿಮಾಡಿ ತಿನ್ನುವುದು ಎಲ್ಲಕ್ಕಿಂತ ಕೆಟ್ಟದ್ದು.

ನೀರ್‌ದೋಸೆ ನೋಡಲು ಪಾಪದ್ದು. ಬಾಯಲ್ಲಿ ಮುದ್ದೆಯಾಗಿ ಉಂಗುರದ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಬನ್ಸ್, ಗೋಳಿಬಜೆ, ಕಡುಬು, ಚಪಾತಿ ಎಲ್ಲ ಅದೇ ಜಾತಿ. ಬೆಳ್ತಿಗೆ ಅನ್ನ ಅಂಟುತ್ತದೆ. ಕುಚ್ಚಲಕ್ಕಿ ಬಿಡಿಬಿಡಿಯಾಗಿರುವುದರಿಂದ ನನಗೆ ಎರಡು ಚಮಚ ಹೋಗುತ್ತದೆ, ಎಲ್ಲರಿಗೂ ಹಾಗೇ ಅಂತ ಹೇಳಲಾರೆ. ನುಗ್ಗೆಕಾಯಿಯ ನಾರು, ಹಲಸಿನ ತೊಳೆ, ಅನಾನಸು, ಕಿತ್ತಳೆಯ ಸಿಪ್ಪೆಪೊರೆ, ಕೊಬ್ಬರಿ ಚೂರು ಇವು ಅಗಿದರೂ ಕರಗುವುದಿಲ್ಲ. ಕಾಯಿಯನ್ನು ನುಣ್ಣಗೆ ಅರೆದು ಹಾಕಿ, ಆದರೆ ಕೈ ಹಿಡಿತ ಇರಲಿ. ತೆಂಗಿನಹಾಲಿನ ಗಸಿ ನೀರಿನ ಹಾಗೆ ಇಳಿಯುತ್ತದೆ, ತೂಕಕ್ಕೆ ತುಪ್ಪದ ಹಾಗೆ ಏರುತ್ತದೆ.

ಈಗ ಗಂಜಿ. ಹುಷಾರಿಲ್ಲ ಅಂದರೆ ಗಂಜಿ, ಹೊಟ್ಟೆ ಸರಿಯಿಲ್ಲ ಅಂದರೆ ಗಂಜಿ, ನಮಗೆ ಅದು ಔಷಧಿಯ ಸಮಾನ. ಅದಕ್ಕೇ ಬ್ಯಾಂಡಿನವರ ದೊಡ್ಡ ಗುಂಡಿಯೂ ಅದೇ. ಮೂರು ತಿಂಗಳಾದ ಮೇಲೂ ದಿನಾ ಎರಡು ಹೊತ್ತು ಗಂಜಿ ಕುಡಿಯುತ್ತಿದ್ದರೆ ಬ್ಯಾಂಡ್ ಇದ್ದೂ ಇಲ್ಲದ ಹಾಗೆ. ಪಾಯಸ, ಮಿಲ್ಕ್‌ಶೇಕ್, ಕಬ್ಬಿನಹಾಲು, ಗಡ್‌ಬಡ್ ಇವು ಇನ್ನೂ ಜೋರು. ಯಾವುದೂ ಸಿಕ್ಕಿಕೊಳ್ಳುವುದಿಲ್ಲ, ಯಾವುದೂ ಹೊಟ್ಟೆ ತುಂಬಿಸುವುದಿಲ್ಲ.

ಒಂದು ಸಣ್ಣ ಯೋಜನೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಬಂದರಿನಲ್ಲಿ ತಾಜಾ ಮೀನು ಕಮ್ಮಿ, ರೇಟು ಜಾಸ್ತಿ. ಆ ಎರಡು ತಿಂಗಳಲ್ಲೇ ಹಲವರ ಪ್ರೋಟೀನ್ ಲೆಕ್ಕ ತಪ್ಪುವುದು. ಒಣಮೀನು ಅದಕ್ಕೆ ಬದಲಿಯಾಗುವುದಿಲ್ಲ, ಗಟ್ಟಿ ಮತ್ತು ಬರೀ ಉಪ್ಪು. ಮೊಟ್ಟೆ, ಮೆತ್ತಗಿನ ಪನೀರ್, ಹೆಸರು, ಚೆನ್ನಾಗಿ ಬೇಯಿಸಿದ ಹುರುಳಿ, ಗಟ್ಟಿ ಮೊಸರು ಮೊದಲೇ ಅಭ್ಯಾಸ ಮಾಡಿಕೊಂಡಿರಿ.

ಹಂತ 4: ಸಿಕ್ಕಿಕೊಂಡಾಗ

ಸೋದರಮಾವನ ಮಗಳ ಮದುವೆಯ ಔತಣ. ನೀರ್‌ದೋಸೆ, ಕೋಳಿ ಸುಕ್ಕ. ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡುತ್ತಾ ಮೂರು ತುತ್ತು ಇಳಿಸಿದೆ. ನಾಲ್ಕನೆಯದಕ್ಕೆ ಎದೆಯ ನಡುವೆ ಕಲ್ಲು ಇಟ್ಟ ಹಾಗಾಯಿತು. ಬಾಯಿ ತುಂಬ ಎಂಜಲು, ಬೆಂಡೆಕಾಯಿ ಲೋಳೆಯ ಹಾಗೆ ಎಳೆಎಳೆ. ಚಿಕ್ಕಮ್ಮ ಬೆನ್ನು ತಟ್ಟಿ, "ನೀರು ಕುಡಿ ಮಗಾ, ಇಳೀತದೆ" ಅಂದರು. ಕುಡಿದೆ. ನೀರಿಗೆ ಕೆಳಗೆ ದಾರಿ ಎಲ್ಲಿದೆ? ಕುಡಿದದ್ದೆಲ್ಲ ವಾಪಸು. ಆಮೇಲಿನ ಮುಕ್ಕಾಲು ಗಂಟೆ ಕಲ್ಯಾಣಮಂಟಪದ ಹಿಂದೆ, ಕೈತೊಳೆಯುವ ನಲ್ಲಿಗಳ ಪಕ್ಕ, ಸೀರೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಮದುವೆಯ ಗ್ರೂಪ್ ಫೋಟೋದಲ್ಲಿ ನಾನಿಲ್ಲ.

ಹೀಗಾದರೆ ಈ ಕ್ರಮ:

1. ತಿನ್ನುವುದು ನಿಲ್ಲಿಸಿ. ಕುಡಿಯುವುದೂ ನಿಲ್ಲಿಸಿ. ನೀರಿನಿಂದ ದೂಡಲು ಹೋಗಬೇಡಿ.
2. ಎದ್ದು ನಿಲ್ಲಿ, ನಿಧಾನ ನಡೆಯಿರಿ. ಮಲಗಬೇಡಿ.
3. ಎಂಜಲು ಬಂದರೆ ಉಗಿಯಿರಿ, ನುಂಗಬೇಡಿ.
4. ತುತ್ತು ತಾನಾಗಿ ಮೇಲೆ ಬಂದರೆ ಬರಲಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಂಗುರ ಜಾರಬಹುದು.
5. ಬಿಟ್ಟ ಮೇಲೆ ಒಂದಷ್ಟು ಹೊತ್ತು ಸುಮ್ನಿದ್ದು, ಉಗುರು ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ.
6. ಮುಂದಿನ 24 ಗಂಟೆ ಬರೀ ನೀರಾದ ಆಹಾರ. ಒಳಗೆ ಊದಿಕೊಂಡಿರುತ್ತದೆ. ಅದೇ ರಾತ್ರಿ ಮತ್ತೆ ಗಟ್ಟಿ ಊಟ ಮಾಡಿ ಇನ್ನೊಮ್ಮೆ ಸಿಕ್ಕಿಸಿಕೊಂಡವರು ತುಂಬಾ ಜನ.

ಕೋಲಾ ಕುಡಿದರೆ ಕರಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮುಚ್ಚಿದ ಚೀಲಕ್ಕೆ ಗ್ಯಾಸ್ ತುಂಬಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಕೆಲವು ಗಂಟೆಯಾದರೂ ಸ್ವಂತ ಎಂಜಲೂ ಇಳಿಯದಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ತಿಂಗಳಿಗೊಮ್ಮೆ ಸಿಕ್ಕಿಕೊಂಡರೆ ಅದು ತುತ್ತಿನ ತಪ್ಪು. ವಾರಕ್ಕೆ ಎರಡು ಮೂರು ಸಲ ಆದರೆ, ಸರಿಯಾಗಿ ಅಗಿದೂ ಆದರೆ, ಬ್ಯಾಂಡ್ ಬಿಗಿಯಾಗಿದೆ ಅಥವಾ ಜಾರಿದೆ. ತೋರಿಸಬೇಕು.

ಹಂತ 5: ಫಿಲ್ ಮಾಡಿಸುವುದು

ಮೊದಲ ಫಿಲ್ ಸಾಮಾನ್ಯವಾಗಿ ಆಪರೇಷನ್ ಆಗಿ ನಾಲ್ಕರಿಂದ ಆರು ವಾರಕ್ಕೆ. ಆಮೇಲೆ ಅಗತ್ಯ ಇದ್ದರೆ ಅಷ್ಟೇ ಅಂತರದಲ್ಲಿ, ಸ್ವಲ್ಪ ಸ್ವಲ್ಪ. ಒಂದೇ ಸಲ ಜಾಸ್ತಿ ಹಾಕಿಸಿಕೊಂಡರೆ ತಿಂಗಳು ಉಳಿಯುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೋಗುವ ಮೊದಲು ನೋಟ್‌ಬುಕ್ ತೆಗೆದು ಎರಡು ವಾರದ ಊಟ ನೋಡಿ. ಡಾಕ್ಟರುಗಳು ಇದನ್ನು ಸಿಗ್ನಲ್ ದೀಪದ ಹಾಗೆ ಮೂರು ಬಣ್ಣದಲ್ಲಿ ಹೇಳುತ್ತಾರೆ. ಗಟ್ಟಿ ಊಟ ಮಾಡಿಯೂ ಎರಡು ಗಂಟೆಗೆ ಹಸಿವು, ತಟ್ಟೆ ದೊಡ್ಡದಾಗುತ್ತಿದೆ: ಹಳದಿ, ಫಿಲ್ ಬಗ್ಗೆ ಮಾತಾಡಬಹುದು. ಒಂದು ಸಣ್ಣ ಬಟ್ಟಲು ಗಟ್ಟಿ ಊಟಕ್ಕೆ ಮೂರು ನಾಲ್ಕು ಗಂಟೆ ಸಮಾಧಾನ, ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಕೆ: ಹಸಿರು, ಮುಟ್ಟಬೇಡಿ. ಪದೇಪದೇ ಸಿಕ್ಕಿಕೊಳ್ಳುವುದು, ಹುಳಿತೇಗು, ರಾತ್ರಿ ಕೆಮ್ಮು, ಮೆತ್ತಗಿನದ್ದು ಮಾತ್ರ ಇಳಿಯುವುದು: ಕೆಂಪು, ಸಲೈನ್ ತೆಗೆಸಬೇಕು. ಕೆಂಪಿನವರೂ "ತೂಕ ಇಳಿಯುವುದಿಲ್ಲ" ಅಂತಲೇ ಬರುವುದು. ಡಾಕ್ಟರಿಗೆ ತೂಕ ಮಾತ್ರ ಹೇಳಿ ಗಂಜಿ, ಐಸ್‌ಕ್ರೀಮ್ ವಿಷಯ ಮುಚ್ಚಿಟ್ಟರೆ ಅವರು ಇನ್ನೂ ಬಿಗಿ ಮಾಡಬಹುದು. ನಾಚಿಕೆ ಬಿಟ್ಟು ನೋಟ್‌ಬುಕ್ಕನ್ನೇ ತೋರಿಸಿ.

ಅಪಾಯಿಂಟ್‌ಮೆಂಟ್ ವಾರದ ಮಧ್ಯೆ, ಬೆಳಗಿನ ಹೊತ್ತಿಗೆ ತೆಗೆದುಕೊಳ್ಳಿ. ಶನಿವಾರ ಸಂಜೆ ಮಂಗಳೂರಲ್ಲಿ ಫಿಲ್ ಮಾಡಿಸಿ ಕುಂದಾಪುರ ಮುಟ್ಟುವಷ್ಟರಲ್ಲಿ ಬಿಗಿಯಾದರೆ ಭಾನುವಾರ ಯಾರನ್ನು ಹುಡುಕುತ್ತೀರಿ? ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿ ಬ್ಯಾಂಡ್ ತಾನಾಗಿ ಬಿಗಿ ಅನಿಸುತ್ತದೆ. ಆ ವಾರ ಬಿಡಿ.

ಮಲಗಿಸಿ, ಪೋರ್ಟನ್ನು ಬೆರಳಲ್ಲಿ ಹುಡುಕಿ ಸೂಜಿ ಹಾಕುತ್ತಾರೆ. ಕೆಲವು ಕಡೆ ಎಕ್ಸ್‌ರೇ ಕೆಳಗೆ ಮಾಡುತ್ತಾರೆ. ಸೂಜಿ ಇಂಥ ಪೋರ್ಟಿಗೆಂದೇ ಇರುವ ಹ್ಯೂಬರ್ ಸೂಜಿಯೇ ಆಗಿರಬೇಕು. ಮಾಮೂಲಿ ಇಂಜೆಕ್ಷನ್ ಸೂಜಿ ಪೋರ್ಟಿನ ಸಿಲಿಕೋನನ್ನು ಕೊರೆದು ತೂತು ಮಾಡುತ್ತದೆ, ಆಮೇಲೆ ಸಲೈನ್ ಸೋರುತ್ತಲೇ ಇರುತ್ತದೆ. ಆದ್ದರಿಂದ ಪರಿಚಯದ ಕ್ಲಿನಿಕ್ಕಿನಲ್ಲಿ "ಒಂದು ಚುಚ್ಚಿಕೊಡಿ" ಅನ್ನುವ ಕೆಲಸ ಇದಲ್ಲ.

ಫಿಲ್ ಆದ ಮೇಲೆ ಕೂತು ಒಂದು ಲೋಟ ನೀರು ಕುಡಿಯಿರಿ. ಸಲೀಸಾಗಿ ಇಳಿಯಬೇಕು. ಗುಳುಗುಳು ಅಂದರೆ, ಮೇಲೆ ಬಂದರೆ, ಅಲ್ಲೇ ಸ್ವಲ್ಪ ತೆಗೆಸಿ. ಇಳಿಯುವುದು ಖಾತ್ರಿಯಾಗದೆ ಬಸ್ಸು ಹತ್ತಬೇಡಿ. ಎಷ್ಟು ಮಿಲಿ ಹಾಕಿದರು, ಒಟ್ಟು ಎಷ್ಟಾಯಿತು, ತಾರೀಕು ಬರೆದುಕೊಳ್ಳಿ. ಒಂದೆರಡು ದಿನ ನೀರಾದದ್ದು, ಆಮೇಲೆ ಮೆತ್ತಗಿನದ್ದು, ಆಮೇಲೆ ಗಟ್ಟಿ.

ಹಲವರಿಗೆ ಬೆಳಗ್ಗೆ ಬ್ಯಾಂಡ್ ಬಿಗಿ, ಸಂಜೆಗೆ ಸಡಿಲ. ಎದ್ದ ಕೂಡಲೇ ತಿಂಡಿಗೆ ಕೂರಬೇಡಿ. ಮೊದಲು ಒಂದು ಬಿಸಿ ಚಾ, ಅರ್ಧ ಗಂಟೆ ಕಳೆದು ಮೊಟ್ಟೆ.

ದುಬೈ, ಕುವೈತ್ ಕಡೆ ಬ್ಯಾಂಡ್ ಹಾಕಿಸಿಕೊಂಡು ಊರಿಗೆ ಬಂದವರಿಗೆ ಒಂದು ಮಾತು. ಅಲ್ಲಿಂದ ಹೊರಡುವ ಮೊದಲೇ ಆಪರೇಷನ್ ಕಾಗದ ತನ್ನಿ: ಬ್ಯಾಂಡಿನ ಕಂಪನಿ, ಮಾಡೆಲ್, ಒಟ್ಟು ಎಷ್ಟು ಮಿಲಿ ಹಿಡಿಯುತ್ತದೆ, ಈಗ ಎಷ್ಟಿದೆ. ಬೊಜ್ಜಿನ ಆಪರೇಷನ್ ಮಾಡುವ ಎಲ್ಲರೂ ಬ್ಯಾಂಡ್ ಫಿಲ್ ಮಾಡುವುದಿಲ್ಲ. ಇಲ್ಲಿ ಯಾರು ಮಾಡುತ್ತಾರೆ ಅಂತ ಫೋನ್‌ನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ತೊಂದರೆ ಬಂದ ದಿನ ಹುಡುಕಲು ಹೊರಟರೆ ಆಗುವುದಿಲ್ಲ.

ಹಂತ 6: ಮಾತ್ರೆ, ವಿಟಮಿನ್, ನಡಿಗೆ

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವ ಅಭ್ಯಾಸ ಇದ್ದರೆ ಬಿಡಿ. ಜಠರದ ಗೋಡೆಗೆ ಹುಣ್ಣಾದರೆ ಬ್ಯಾಂಡ್ ಇರುವವರಿಗೆ ಅದು ಇಮ್ಮಡಿ ಕಷ್ಟ. ನೋವಿಗೆ ಯಾವುದು ಆಗುತ್ತದೆ ಅಂತ ಡಾಕ್ಟರನ್ನೇ ಕೇಳಿ. ಹಾರ್ಟಿಗೆ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬೇಡಿ, ಅದನ್ನೂ ಕೇಳಿಯೇ ಮಾಡಿ. ದೊಡ್ಡ ಮಾತ್ರೆ ಸಿಕ್ಕಿಕೊಳ್ಳುತ್ತದೆ, ಆದರೆ ಎಲ್ಲ ಮಾತ್ರೆಯನ್ನೂ ಪುಡಿಮಾಡುವ ಹಾಗಿಲ್ಲ. ನಿಧಾನವಾಗಿ ಕರಗಬೇಕಾದ ಮಾತ್ರೆ ಪುಡಿಯಾದರೆ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ.

ಶುಗರ್, ಬಿಪಿ ಇರುವವರು ತೂಕ ಇಳಿಯುತ್ತಾ ಬಂದ ಹಾಗೆ ಮಾತ್ರೆಯ ಪ್ರಮಾಣ ನೋಡಿಸಿಕೊಳ್ಳಿ. ಹಳೆಯ ಡೋಸು, ಹೊಸ ಊಟ ಎರಡೂ ಸೇರಿದರೆ ತಲೆಸುತ್ತು ಬರುತ್ತದೆ. ಮಲ್ಟಿವಿಟಮಿನ್ ಜೊತೆಗೆ ಡಾಕ್ಟರ್ ಬರೆದ ಕ್ಯಾಲ್ಸಿಯಂ, ಡಿ, ಬಿ12, ಕಬ್ಬಿಣ ತಪ್ಪಿಸಬೇಡಿ, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಇರಲಿ. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರಬಹುದು. ಸಾಮಾನ್ಯವಾಗಿ ಮತ್ತೆ ಬರುತ್ತದೆ, ಪ್ರೋಟೀನ್ ಮಾತ್ರ ನೋಡಿಕೊಳ್ಳಿ.

ನಡಿಗೆಗೆ ಕದ್ರಿ ಪಾರ್ಕ್, ಅಜ್ಜರಕಾಡು, ಮಲ್ಪೆ ಮರಳು ಎಲ್ಲ ಉಂಟು. ಮಳೆಗಾಲದಲ್ಲಿ ಮನೆಯ ಜಗಲಿ.

ಮಗು ಬೇಕು ಅಂತ ಇರುವವರು ಆಪರೇಷನ್ ಆದ ಮೊದಲ ಒಂದು ಒಂದೂವರೆ ವರ್ಷ ಕಾಯುವಂತೆ ಹೇಳುತ್ತಾರೆ. ಬಸಿರು ಅಂತ ಗೊತ್ತಾದ ಕೂಡಲೇ ಸರ್ಜನ್‌ಗೂ ತಿಳಿಸಿ. ವಾಂತಿ ಜಾಸ್ತಿಯಾದರೆ ಬ್ಯಾಂಡ್ ಸಡಿಲ ಮಾಡುತ್ತಾರೆ.

ಈ ಸೂಚನೆ ಕಂಡರೆ ಕಾಯಬೇಡಿ

ಅದೇ ದಿನ ಹೋಗಬೇಕಾದ್ದು: ನೀರೂ ಇಳಿಯದಿರುವುದು, ನಿಲ್ಲದ ವಾಂತಿ, ಹೊಟ್ಟೆಯಲ್ಲಿ ತಟ್ಟನೆ ಎದ್ದ ಜೋರು ನೋವು, ವಾಂತಿಯಲ್ಲಿ ರಕ್ತ, ಕಪ್ಪು ಮಲ, ಜ್ವರದ ಜೊತೆ ಹೊಟ್ಟೆನೋವು. ಎದೆನೋವಿನ ಜೊತೆ ಬೆವರು, ಉಸಿರುಗಟ್ಟುವುದು ಇದ್ದರೆ "ಬ್ಯಾಂಡಿನದ್ದೇ ಇರಬೇಕು" ಅಂತ ಕೂರಬೇಡಿ, ಹಾರ್ಟ್ ಮೊದಲು ನೋಡಿಸಿ.

ಈ ವಾರದಲ್ಲೇ ತೋರಿಸಬೇಕಾದ್ದು: ಪೋರ್ಟ್ ಮೇಲಿನ ಚರ್ಮ ಕೆಂಪಾಗಿ ಬಿಸಿಯಾಗುವುದು. ಬಹಳ ದಿನದ ಮೇಲೆ ಪೋರ್ಟಿಗೆ ಸೋಂಕು ಬಂದರೆ ಬ್ಯಾಂಡ್ ಒಳಗೆ ಜಠರವನ್ನು ಕೊರೆದಿರಲೂಬಹುದು, ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ರಾತ್ರಿ ಮಲಗಿದಾಗ ಕೆಮ್ಮು, ತಲೆದಿಂಬಿನ ಮೇಲೆ ಹುಳಿನೀರು. ಎರಡು ದಿಂಬು ಇಟ್ಟುಕೊಂಡು ತಿಂಗಳುಗಟ್ಟಲೆ ಸುಧಾರಿಸಿದವರನ್ನು ನೋಡಿದ್ದೇನೆ. ಅಷ್ಟರಲ್ಲಿ ಮೇಲಿನ ಚೀಲ, ಅನ್ನನಾಳ ಎರಡೂ ಹಿಗ್ಗಿರುತ್ತವೆ.

ಜನ ಖುಷಿಪಡುವ ಒಂದು ಸೂಚನೆ ಉಂಟು. ನಿನ್ನೆಯವರೆಗೆ ಅರ್ಧ ಬಂಗುಡೆಗೆ ಸಾಕಾಗುತ್ತಿದ್ದವರಿಗೆ ಇವತ್ತು ಎರಡು ಬಂಗುಡೆ, ಮೇಲೆ ಎರಡು ನೀರ್‌ದೋಸೆ ಸಲೀಸಾಗಿ ಇಳಿಯುತ್ತದೆ. ಬ್ಯಾಂಡ್ ಒಗ್ಗಿಹೋಯಿತು ಅಂತ ಅಂದುಕೊಳ್ಳುತ್ತಾರೆ. ಕೊಳವೆ ಸೋರುತ್ತಿರಬಹುದು, ಬ್ಯಾಂಡ್ ಒಳಗೆ ಕೊರೆದಿರಬಹುದು. ಇಂಥ ಹೊತ್ತಿನಲ್ಲಿ ಮತ್ತೊಂದು ಫಿಲ್ ಕೇಳಬೇಡಿ. ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಬೇಕಾ, ಎಂಡೋಸ್ಕೋಪಿ ಬೇಕಾ ಅಂತ ಕೇಳಿ. ನೋಟ್‌ಬುಕ್ಕಿನಲ್ಲಿ ಕೊನೆಯ ಫಿಲ್‌ನ ಮಿಲಿ ಬರೆದಿದ್ದರೆ ಡಾಕ್ಟರ್ ಸಲೈನ್ ಎಳೆದು ಅಳೆಯುತ್ತಾರೆ. ಬರೆದಿದ್ದು 6, ಸಿಕ್ಕಿದ್ದು 2 ಅಂದರೆ ಎಲ್ಲೋ ಸೋರುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.